ಏಕಾದಶಿಯ ದಿನ ಲಿವರ್‌ಗೆ ರಜೆ ಇಲ್ಲ

(ಪುಣೆಯ ಕೋಥರೂಡ್ ಕಡೆಯ ಕನ್ನಡಿಗರ ಒಂದು ಕೂಟದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಕೊನೆಗೆ ಬಜ್ಜಿ, ಚಹಾ ಇದೆ ಅಂತ ಗ್ರೂಪಿನಲ್ಲಿ ಹಾಕಿದ್ದೂ ಒಂದು ಕಾರಣ ಇರಬಹುದು. ಇರಲಿ.

ಸಕ್ಕರೆ ಕಾಯಿಲೆ ಇರುವವರು ನನ್ನಂಥ ಬಯೋಕೆಮಿಸ್ಟ್ರಿ ಮೇಷ್ಟ್ರು ಸಿಕ್ಕರೆ ಒಂದು ಪ್ರಶ್ನೆ ಕೇಳದೆ ಬಿಡುವುದಿಲ್ಲ. "ಸರ್, ರಾತ್ರಿ ಬರೀ ಮಜ್ಜಿಗೆ ಕುಡಿದು ಮಲಗಿದ್ದೆ. ಮಲಗುವಾಗ ನೋಡಿದರೆ ಶುಗರ್ 130. ಬೆಳಗ್ಗೆ ಎದ್ದು ನೋಡಿದರೆ 165. ನಡುವೆ ಒಂದು ತುತ್ತೂ ತಿಂದಿಲ್ಲ. ಇದು ಎಲ್ಲಿಂದ ಬಂತು?" ಮನೆಯವರು ಅವರನ್ನು ಓರೆಗಣ್ಣಿನಿಂದ ನೋಡುತ್ತಿರುತ್ತಾರೆ. ಧಾರವಾಡ ಪೇಢೆಯ ಡಬ್ಬಿ ತೆಗೆದು ಎಣಿಸಿ ನೋಡುವ ಮನೆಗಳೂ ಇವೆ!

ಪಾಪ, ಅವರು ಪೇಢೆ ಕದ್ದಿರಲಿಕ್ಕಿಲ್ಲ. ಆ ಸಕ್ಕರೆ ಅವರ ಮೈಯೊಳಗೇ ತಯಾರಾದದ್ದು. ನಾವು ಮಲಗಿರುವಾಗ ನಮ್ಮ ಲಿವರ್ ಗಂಟೆಗೆ ಸುಮಾರು 7 ಗ್ರಾಂ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. 60 ಕೆಜಿ ತೂಕದ ಆರೋಗ್ಯವಂತರ ಲೆಕ್ಕ ಇದು. ಹಾಗಾದರೆ ಇಡೀ ಮೈಯ ರಕ್ತದಲ್ಲಿ ಒಂದು ಹೊತ್ತಿಗೆ ಎಷ್ಟು ಗ್ಲೂಕೋಸ್ ಇರುತ್ತದೆ ಗೊತ್ತಾ? ನಾಲ್ಕೈದು ಗ್ರಾಂ. ಒಂದು ಟೀ ಚಮಚದಷ್ಟು, ಅಷ್ಟೇ. ಅಂದರೆ ಲಿವರ್ ಒಂದು ಗಂಟೆ ಕೈ ಕಟ್ಟಿ ಕೂತರೆ ನಾವು ಪ್ರಜ್ಞೆ ತಪ್ಪಿ ಬೀಳಬಹುದು. ಊಟವನ್ನು ನಂಬಿಕೊಂಡು ಕೂರುವ ವ್ಯವಸ್ಥೆ ಇದಲ್ಲ. ಮನುಷ್ಯನಿಗೆ ದಿನಾ ಎರಡು ಹೊತ್ತು ಊಟ ಸಿಗುತ್ತದೆ ಎಂಬ ಭರವಸೆ ಇದ್ದದ್ದು ಯಾವಾಗ?

ಅಷ್ಟೊಂದು ಗ್ಲೂಕೋಸ್ ಯಾರಿಗೆ ಬೇಕು? ಮುಖ್ಯವಾಗಿ ಮೆದುಳಿಗೆ. ದಿನಕ್ಕೆ ಸುಮಾರು 120 ಗ್ರಾಂ ಅದೊಂದೇ ಬಳಸುತ್ತದೆ. ಅದಕ್ಕೆ ಕೊಬ್ಬಿನ ಆಮ್ಲಗಳನ್ನು ನೇರವಾಗಿ ಉರಿಸಲು ಬರುವುದಿಲ್ಲ. ಕೆಂಪು ರಕ್ತಕಣಗಳದ್ದು ಇನ್ನೂ ಹಟ. ಜೀವಕೋಶದ ಒಲೆಯಂತಿರುವ ಮೈಟೊಕಾಂಡ್ರಿಯಾ ಅವುಗಳೊಳಗೆ ಇಲ್ಲ. ಹಾಗಾಗಿ ಗ್ಲೂಕೋಸ್ ಬಿಟ್ಟು ಬೇರೇನೂ ಅವಕ್ಕೆ ಆಗಿಬರುವುದಿಲ್ಲ.

ಈಗ ನಮ್ಮೆಲ್ಲರಿಗೂ ಗೊತ್ತಿರುವ ಒಂದು ಪ್ರಯೋಗಕ್ಕೆ ಬರೋಣ. ಏಕಾದಶಿ.

ಪುಣೆಯಲ್ಲಿ ಏಕಾದಶಿ ಎರಡು ತರಹ. ಒಂದು ಇಲ್ಲಿಯವರದ್ದು. ಸಾಬೂದಾಣಿ ಖಿಚಡಿ, ಸಾಬೂದಾಣಿ ವಡೆ, ರತಾಳೆ ಅಂದರೆ ಗೆಣಸು, ಬಟಾಟೆ, ಮೇಲೆ ಒಂದಿಷ್ಟು ಶೇಂಗಾ. ಮರಾಠಿಯವರೇ ತಮಾಷೆಗೆ "ಏಕಾದಶಿ, ದುಪ್ಪಟ್ ಖಾಶಿ" ಅನ್ನುತ್ತಾರೆ. ಏಕಾದಶಿ ಬಂತು, ದುಪ್ಪಟ್ಟು ತಿಂದರು ಅಂತ. 100 ಗ್ರಾಂ ಒಣ ಸಾಬೂದಾಣಿಯಲ್ಲಿ 85 ಗ್ರಾಮಿಗೂ ಜಾಸ್ತಿ ಪಿಷ್ಟ ಇದೆ. ಅಕ್ಕಿಗಿಂತಲೂ ಹೆಚ್ಚು. ಭಕ್ತಿಯ ವಿಷಯ ನಾನು ಮಾತಾಡುವುದಿಲ್ಲ, ಅದು ನನ್ನ ಸಬ್ಜೆಕ್ಟ್ ಅಲ್ಲ. ಲಿವರ್‌ನ ಮಟ್ಟಿಗೆ ಹೇಳುವುದಾದರೆ ಅದಕ್ಕೆ ಅವತ್ತು ಉಪವಾಸ ಅಂತ ಗೊತ್ತೇ ಆಗುವುದಿಲ್ಲ.

ಇನ್ನೊಂದು ನಮ್ಮ ಮಾಧ್ವರ ಮನೆಯ ಏಕಾದಶಿ. ದಶಮಿ ಮಧ್ಯಾಹ್ನ ಒಪ್ಪೊತ್ತು ಊಟ. ಆಮೇಲೆ ಇಲ್ಲ. ಏಕಾದಶಿ ಇಡೀ ದಿನ ಅನ್ನವೂ ಇಲ್ಲ, ಗಟ್ಟಿ ವ್ರತ ಹಿಡಿದವರಿಗೆ ನೀರೂ ಇಲ್ಲ. ದ್ವಾದಶಿ ಬೆಳಗ್ಗೆ ಬೇಗ ಪಾರಣೆ, ಅಗಸೆ ಸೊಪ್ಪು, ನೆಲ್ಲಿಕಾಯಿ. ಲೆಕ್ಕ ಹಾಕಿ. 40 ಗಂಟೆ ದಾಟುತ್ತದೆ. ಈ 40 ಗಂಟೆ ಒಳಗೆ ಏನು ನಡೆಯುತ್ತದೆ ಅನ್ನುವುದೇ ಇವತ್ತಿನ ಮಾತು.

ಊಟವಾದ ನಾಲ್ಕೈದು ಗಂಟೆಯವರೆಗೆ ಕರುಳಿನಿಂದ ಗ್ಲೂಕೋಸ್ ಬರುತ್ತಿರುತ್ತದೆ. ಆಮೇಲೆ ಇನ್ಸುಲಿನ್ ಇಳಿಯುತ್ತದೆ, ಗ್ಲುಕಗಾನ್ ಅನ್ನುವ ಹಾರ್ಮೋನ್ ಏರುತ್ತದೆ. ಲಿವರ್‌ನಲ್ಲಿ ಗ್ಲೈಕೋಜನ್ ಅಂತ ಒಂದು ದಾಸ್ತಾನು ಇದೆ. ಗ್ಲೂಕೋಸನ್ನೇ ಹೆಣೆದು ಇಟ್ಟದ್ದು. ಹೆಚ್ಚೆಂದರೆ 100 ಗ್ರಾಂ. ಅದು ಬಿಚ್ಚಿಕೊಳ್ಳುತ್ತದೆ. ಒಂದು ದಿನ ಮುಗಿಯುವ ಹೊತ್ತಿಗೆ ಅದು ಬಹುಪಾಲು ಖಾಲಿ.

ಮೈಯ ಮಾಂಸಖಂಡಗಳಲ್ಲಿ ಇದಕ್ಕಿಂತ ಜಾಸ್ತಿ, 400 ಗ್ರಾಂ ಆಸುಪಾಸು ಗ್ಲೈಕೋಜನ್ ಇರುತ್ತದೆ. ಆದರೆ ಅದು ರಕ್ತಕ್ಕೆ ಬರುವುದಿಲ್ಲ. ಗ್ಲೂಕೋಸಿಗೆ ಅಂಟಿದ ಫಾಸ್ಫೇಟನ್ನು ಕಳಚಿ ಹೊರಗೆ ಬಿಡುವ ಕಿಣ್ವ, ಅಂದರೆ ಎನ್‌ಜೈಮ್, ಮಾಂಸಖಂಡದಲ್ಲಿ ಇಲ್ಲ. ತನ್ನದನ್ನು ತಾನೇ ತಿನ್ನುತ್ತದೆ. ಲಿವರ್‌ನಲ್ಲೂ ಈ ಒಂದು ಕಿಣ್ವ ಹುಟ್ಟಿನಿಂದಲೇ ಕೆಲಸ ಮಾಡದ ಮಕ್ಕಳಿದ್ದಾರೆ. ಅಪರೂಪದ ಕಾಯಿಲೆ. ಹಾಲು ಕುಡಿದು ಮೂರ್ನಾಲ್ಕು ಗಂಟೆಯಾದರೆ ಸಾಕು, ಅವರ ಶುಗರ್ ಕುಸಿಯುತ್ತದೆ. 1984ರಲ್ಲಿ ಅಂಥ ಮಕ್ಕಳಿಗೆ ಬೇಯಿಸದ ಮೆಕ್ಕೆಜೋಳದ ಹಿಟ್ಟನ್ನು ನೀರಲ್ಲಿ ಕದಡಿ ಕುಡಿಸುವ ಚಿಕಿತ್ಸೆ ಬಂತು. ಹಸಿ ಪಿಷ್ಟ ನಿಧಾನಕ್ಕೆ ಜೀರ್ಣವಾಗುತ್ತದಲ್ಲ, ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪ ಗ್ಲೂಕೋಸ್ ಸಿಗುತ್ತದೆ.

ಸರಿ, ದಾಸ್ತಾನು ಮುಗಿಯಿತು. ಏಕಾದಶಿ ಮಧ್ಯಾಹ್ನ. ಅಡುಗೆಮನೆ ಬೀಗ. ಆದರೂ ಭಜನೆಗೆ ಕೂತ ಅಜ್ಜಿಯ ಶುಗರ್ ನೋಡಿದರೆ 70ರ ಮೇಲೇ ಇರುತ್ತದೆ. ಈಗ ಬರುತ್ತಿರುವುದು ಅಕ್ಕಿ, ಗೋಧಿ, ಸಕ್ಕರೆ ಯಾವುದರಿಂದಲೂ ಬಂದದ್ದಲ್ಲ. ಲಿವರ್ ಇದನ್ನು ಹೊಸದಾಗಿ ಕಟ್ಟುತ್ತಿದೆ. ಈ ಕೆಲಸಕ್ಕೆ ಗ್ಲುಕೋನಿಯೋಜೆನೆಸಿಸ್ ಅಂತ ಹೆಸರು. ಹೆಸರು ಉದ್ದ, ನಾನು ಇನ್ನು 'ಹೊಸ ಗ್ಲೂಕೋಸ್' ಅಂತಲೇ ಅನ್ನುತ್ತೇನೆ. ಇದು ದಾಸ್ತಾನು ಮುಗಿದ ಮೇಲೇ ಶುರುವಾಗುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಿಲ್ಲ. ರಾತ್ರಿ ಊಟ ಮಾಡಿ ಬೆಳಗ್ಗೆ ಎದ್ದಾಗ ಲಿವರ್ ಬಿಡುವ ಗ್ಲೂಕೋಸಿನಲ್ಲಿ ಆಗಲೇ ಹೆಚ್ಚುಕಡಿಮೆ ಅರ್ಧ ಹೊಸದೇ ಇರುತ್ತದೆ.

ಪ್ರಾಣಿಗಳ ಮೈ ಸಕ್ಕರೆ ಮಾಡಬಲ್ಲದು ಅನ್ನುವುದೇ ಒಂದು ಕಾಲಕ್ಕೆ ಯಾರೂ ಒಪ್ಪದ ಮಾತಾಗಿತ್ತು. ಗಿಡಗಳು ಮಾಡುತ್ತವೆ, ಪ್ರಾಣಿಗಳು ತಿಂದು ಮುಗಿಸುತ್ತವೆ, ಅಷ್ಟೇ ಅಂತ ನಂಬಿದ್ದರು. ಪ್ಯಾರಿಸ್ಸಿನ ಕ್ಲೋಡ್ ಬರ್ನಾರ್ 1848ರ ಹೊತ್ತಿಗೆ ಬರೀ ಮಾಂಸ ತಿನ್ನಿಸಿದ ನಾಯಿಯನ್ನು ಪರೀಕ್ಷಿಸಿದರು. ಕರುಳಿನಲ್ಲಿ ಸಕ್ಕರೆ ಇಲ್ಲ. ಲಿವರ್‌ನಿಂದ ಹೊರಡುವ ರಕ್ತನಾಳದಲ್ಲಿ ಇದೆ! 1855ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಅವರು ಒಂದೇ ಲಿವರ್‌ನಲ್ಲಿ ಸಕ್ಕರೆಯನ್ನು ಎರಡೆರಡು ಸಲ ಅಳೆಯುತ್ತಿದ್ದರು. ಒಂದು ದಿನ ಟೈಮ್ ಸಾಲಲಿಲ್ಲ, ಎರಡನೆಯ ಅಳತೆಯನ್ನು ಮಾರನೆಯ ದಿನಕ್ಕೆ ಬಿಟ್ಟರು. ನೋಡಿದರೆ ಸಕ್ಕರೆ ಮೊದಲಿಗಿಂತ ಎಷ್ಟೋ ಜಾಸ್ತಿ. ಆಮೇಲೆ ಬೇಕೆಂದೇ ಒಂದು ಲಿವರ್‌ನ ರಕ್ತನಾಳದಲ್ಲಿ ನೀರು ಹರಿಸಿ ಹರಿಸಿ ತೊಳೆದರು. ಬರುವ ನೀರಲ್ಲಿ ಸಕ್ಕರೆ ಸೊನ್ನೆ ಆಗುವವರೆಗೆ. ಹಾಗೇ ಇಟ್ಟರು. ಮರುದಿನ ಆ ಸತ್ತ ಲಿವರ್‌ನಲ್ಲಿ ಮತ್ತೆ ಸಕ್ಕರೆ! ಇದರ ಬೆನ್ನು ಹತ್ತಿಯೇ ಅವರಿಗೆ ಗ್ಲೈಕೋಜನ್ ಸಿಕ್ಕಿದ್ದು. ನನ್ನನ್ನು ಕೇಳಿದರೆ ಶರೀರ ವಿಜ್ಞಾನದಲ್ಲಿ ಇಷ್ಟು ಅಗ್ಗದ, ಇಷ್ಟು ಚಂದದ ಪ್ರಯೋಗ ಇನ್ನೊಂದಿಲ್ಲ. ಬೇಕಾದದ್ದು ನೀರು ಮತ್ತು ತಾಳ್ಮೆ.

ಇನ್ನು ಕಚ್ಚಾ ಮಾಲು. ಗ್ಲೂಕೋಸ್ ಅಲ್ಲದ ಯಾವ ಯಾವ ವಸ್ತುವಿನಿಂದ ಗ್ಲೂಕೋಸ್ ಆಗುತ್ತದೆ? ಮುಖ್ಯವಾದವು ಲ್ಯಾಕ್ಟೇಟ್, ಪ್ರೋಟೀನಿನಿಂದ ಬರುವ ಅಮೈನೋ ಆಮ್ಲಗಳು, ಕೊಬ್ಬಿನಿಂದ ಬರುವ ಗ್ಲಿಸರಾಲ್.

ಲ್ಯಾಕ್ಟೇಟ್ ನಿಮಗೆ ಪರಿಚಯದ್ದೇ. ಇಲ್ಲಿಯ ಪರ್ವತಿ ಗುಡ್ಡದ 103 ಮೆಟ್ಟಿಲನ್ನು ನಿಲ್ಲದೆ ಓಡಿ ಹತ್ತಿ ನೋಡಿ. ಅರ್ಧಕ್ಕೇ ತೊಡೆ ಉರಿಯುತ್ತದೆ. ಆಗ ತೊಡೆಯ ಮಾಂಸಖಂಡ ಗ್ಲೂಕೋಸನ್ನು ಪೂರ್ತಿ ಉರಿಸದೆ ಗಡಿಬಿಡಿಯಲ್ಲಿ ಅರ್ಧಕ್ಕೆ ಒಡೆದು ಲ್ಯಾಕ್ಟೇಟ್ ಮಾಡಿ ರಕ್ತಕ್ಕೆ ದೂಡುತ್ತಿರುತ್ತದೆ. ಮಾರನೆಯ ದಿನ ಕಾಲು ನೋಯುವುದಕ್ಕೂ ಇದಕ್ಕೂ ಸಂಬಂಧ ಇಲ್ಲ, ಲ್ಯಾಕ್ಟೇಟ್ ಒಂದೆರಡು ಗಂಟೆಯೊಳಗೆ ತೆರವಾಗಿರುತ್ತದೆ. ನೀವು ಮೆಟ್ಟಿಲು ಹತ್ತದೆ ಸುಮ್ನೆ ಕೂತಿದ್ದರೂ ಕೆಂಪು ರಕ್ತಕಣಗಳು ಎಲ್ಲ ಹೊತ್ತೂ ಲ್ಯಾಕ್ಟೇಟ್ ಮಾಡುತ್ತಲೇ ಇರುತ್ತವೆ. ಲಿವರ್ ಅದನ್ನೆಲ್ಲ ಬಾಚಿಕೊಂಡು ಮತ್ತೆ ಗ್ಲೂಕೋಸ್ ಮಾಡಿ ಕಳಿಸುತ್ತದೆ. ಮನೆಯ ಗ್ಯಾಸ್ ಸಿಲಿಂಡರ್ ಇದ್ದ ಹಾಗೆ. ಖಾಲಿಯಾದದ್ದು ಹೋಗುತ್ತದೆ, ತುಂಬಿದ್ದು ಬರುತ್ತದೆ, ಸಿಲಿಂಡರ್ ಅದೇ. ತುಂಬಿಸುವ ಖರ್ಚು ಮಾತ್ರ ಲಿವರ್‌ನದ್ದು. ಆ ಖರ್ಚಿಗೆ ಅದು ಕೊಬ್ಬನ್ನು ಉರಿಸುತ್ತದೆ.

ಈ ಸುತ್ತಾಟವನ್ನು 1929ರಲ್ಲಿ ವಿವರಿಸಿದವರು ಕಾರ್ಲ್ ಮತ್ತು ಗರ್ಟಿ ಕೋರಿ, ಗಂಡ ಹೆಂಡತಿ. ಇಬ್ಬರೂ 1896ರಲ್ಲಿ ಪ್ರಾಗ್‌ನಲ್ಲಿ ಹುಟ್ಟಿದವರು, 1922ರಲ್ಲಿ ಅಮೆರಿಕಕ್ಕೆ ಹೋದವರು. 1947ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ವೈದ್ಯಕೀಯ ನೊಬೆಲ್ ಪಡೆದ ಮೊದಲ ಹೆಂಗಸು ಗರ್ಟಿ. ಸೇಂಟ್ ಲೂಯಿಯಲ್ಲಿ ಗಂಡನಿಗೆ ಪ್ರೊಫೆಸರ್ ಹುದ್ದೆ ಕೊಟ್ಟಾಗ ಅದೇ ಲ್ಯಾಬಿನಲ್ಲಿ ಅವರಿಗೆ ಕೊಟ್ಟದ್ದು ಸಹಾಯಕಿಯ ಕೆಲಸ. ಅವರು ಪ್ರೊಫೆಸರ್ ಆದದ್ದು ನೊಬೆಲ್ ಬಂದ ವರ್ಷವೇ.

ಎರಡನೆಯದು ಪ್ರೋಟೀನ್. ಉಪವಾಸದಲ್ಲಿ ಮಾಂಸಖಂಡ ತನ್ನ ಪ್ರೋಟೀನನ್ನೇ ಬಿಡಿಸಿ ಅಲನೀನ್, ಗ್ಲುಟಮಿನ್ ಅನ್ನುವ ಅಮೈನೋ ಆಮ್ಲಗಳ ರೂಪದಲ್ಲಿ ಕಳಿಸುತ್ತದೆ. ಲಿವರ್ ಅಲನೀನಿನ ಸಾರಜನಕವನ್ನು ತೆಗೆದು ಯೂರಿಯಾ ಮಾಡುತ್ತದೆ, ಉಳಿದದ್ದನ್ನು ಗ್ಲೂಕೋಸ್ ಮಾಡುತ್ತದೆ. ಗ್ಲುಟಮಿನನ್ನು ಹೆಚ್ಚಾಗಿ ಕಿಡ್ನಿ ಬಳಸುತ್ತದೆ. ಹೌದು, ಕಿಡ್ನಿಯೂ ಗ್ಲೂಕೋಸ್ ಮಾಡುತ್ತದೆ, ಉಪವಾಸ ಉದ್ದವಾದಷ್ಟೂ ಅದರ ಪಾಲು ಜಾಸ್ತಿ.

ಇನ್ನು ಕೊಬ್ಬು. ಇಲ್ಲಿ ಸ್ವಲ್ಪ ಗಮನ ಕೊಡಿ. ಎಲ್ಲರ ಪ್ರಶ್ನೆ ಒಂದೇ: "ಹೊಟ್ಟೆಯ ಸುತ್ತ ಇಷ್ಟೊಂದು ಇದೆಯಲ್ಲ, ಇದರಿಂದಲೇ ಗ್ಲೂಕೋಸ್ ಮಾಡಬಾರದಾ? ಮಾಂಸಖಂಡಕ್ಕೆ ಯಾಕೆ ಕೈ ಹಾಕಬೇಕು?" ಆಗುವುದಿಲ್ಲ. ಕೊಬ್ಬಿನ ಒಂದು ಅಣು ಅಂದರೆ ಒಂದು ಗ್ಲಿಸರಾಲ್, ಅದಕ್ಕೆ ಜೋತು ಬಿದ್ದ ಮೂರು ಉದ್ದನೆಯ ಕೊಬ್ಬಿನ ಆಮ್ಲ. ಗ್ಲಿಸರಾಲಿನಿಂದ ಗ್ಲೂಕೋಸ್ ಆಗುತ್ತದೆ. ಆದರೆ ಅದು ಕೊಬ್ಬಿನ ತೂಕದ ಹತ್ತನೇ ಒಂದು ಪಾಲು ಮಾತ್ರ. ಉಳಿದದ್ದೆಲ್ಲ ಕೊಬ್ಬಿನ ಆಮ್ಲ. ಅದು ಎರಡೆರಡು ಇಂಗಾಲದ ತುಂಡುಗಳಾಗಿ ಒಡೆಯುತ್ತದೆ. ಆ ತುಂಡಿಗೆ ಅಸಿಟೈಲ್ ಕೋಎ ಅಂತ ಹೆಸರು. ಗ್ಲೂಕೋಸಿನಿಂದ ಈ ತುಂಡು ಆಗುತ್ತದೆ, ಈ ತುಂಡಿನಿಂದ ಹಿಂದಕ್ಕೆ ಗ್ಲೂಕೋಸ್ ಆಗುವುದಿಲ್ಲ. ದಾರಿ ಒಂದೇ ಕಡೆಗೆ. ಮುಂದೆ ಅದು ಕ್ರೆಬ್ಸ್ ಚಕ್ರಕ್ಕೆ, ಅಂದರೆ ಅದನ್ನು ಪೂರ್ತಿ ಉರಿಸುವ ಹಂತಗಳ ಸುತ್ತಿಗೆ, ಇಳಿದರೂ ಎರಡು ಇಂಗಾಲ ಒಳಗೆ ಹೋದರೆ ಎರಡು ಇಂಗಾಲ ಉಸಿರಿನ ಗಾಳಿಯಾಗಿ ಹೊರಗೆ ಹೋಗುತ್ತದೆ. ಗ್ಲೂಕೋಸ್ ಕಟ್ಟಲು ಏನೂ ಮಿಗುವುದಿಲ್ಲ. ಕೊಬ್ಬು ಈ ಕೆಲಸಕ್ಕೆ ಶಕ್ತಿ ಕೊಡುತ್ತದೆ, ಇಂಗಾಲ ಕೊಡುವುದಿಲ್ಲ.

ನಮಗೆ ಆಗದ್ದು ಔಡಲ ಬೀಜಕ್ಕೆ ಆಗುತ್ತದೆ! ಔಡಲ, ಶೇಂಗಾ, ಸೂರ್ಯಕಾಂತಿ, ಇಂಥ ಎಣ್ಣೆ ಬೀಜಗಳು ಮೊಳೆಯುವಾಗ ತಮ್ಮೊಳಗಿನ ಎಣ್ಣೆಯನ್ನೇ ಸಕ್ಕರೆ ಮಾಡಿಕೊಂಡು ಮೊಳಕೆಗೆ ಉಣಿಸುತ್ತವೆ. ಇಂಗಾಲ ಪೋಲಾಗುವ ಎರಡು ಹಂತಗಳನ್ನು ತಪ್ಪಿಸಿ ಹೋಗುವ ಒಂದು ಒಳದಾರಿ ಅವಕ್ಕಿದೆ. ಕೆಲವು ಬ್ಯಾಕ್ಟೀರಿಯಾಗಳಿಗೂ ಇದೆ. ಅದನ್ನು 1957ರಲ್ಲಿ ಹಾನ್ಸ್ ಕಾರ್ನ್‌ಬರ್ಗ್ ಮತ್ತು ಹಾನ್ಸ್ ಕ್ರೆಬ್ಸ್ ವಿವರಿಸಿದರು. ನಮ್ಮ ಮೈಗೆ ಆ ಭಾಗ್ಯ ಇಲ್ಲ.

ಕಟ್ಟುವ ಹಂತಗಳ ಬಗ್ಗೆ ಜಾಸ್ತಿ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಗ್ಲೂಕೋಸ್ ಒಡೆಯುವುದಕ್ಕೆ ಹತ್ತು ಹಂತ. ಏಳು ಹಂತಗಳಲ್ಲಿ ಹಿಂದಕ್ಕೂ ಬರಬಹುದು. ಮೂರರಲ್ಲಿ ಬರಲು ಆಗುವುದಿಲ್ಲ, ಅಲ್ಲಿ ಲಿವರ್ ಬೇರೆ ಕಿಣ್ವಗಳನ್ನು ಹಿಡಿದು ಸುತ್ತಿ ಬರುತ್ತದೆ. ಒಡೆದಾಗ ಎರಡು ಎಟಿಪಿ, ಅಂದರೆ ಜೀವಕೋಶದ ಶಕ್ತಿಯ ಚಿಲ್ಲರೆ, ಸಿಗುತ್ತದೆ, ಕಟ್ಟುವಾಗ ಆರರಷ್ಟು ಖರ್ಚು. ನಷ್ಟದ ವ್ಯಾಪಾರವೇ. ಆದರೂ ಮೆದುಳಿಗೋಸ್ಕರ ಮಾಡಲೇಬೇಕು.

ಈಗ ಒಂದು ಲೆಕ್ಕ. ಒಂದು ಗ್ರಾಂ ಗ್ಲೂಕೋಸಿಗೆ ಸುಮಾರು ಒಂದೂ ಮುಕ್ಕಾಲು ಗ್ರಾಂ ಪ್ರೋಟೀನ್ ಬೇಕು. ಮೆದುಳಿನ 120 ಗ್ರಾಂ ಪೂರ್ತಿ ಇದರಿಂದಲೇ ಬರಬೇಕು ಅಂದರೆ ದಿನಕ್ಕೆ 200 ಗ್ರಾಂ ಪ್ರೋಟೀನ್. ಮಾಂಸಖಂಡದಲ್ಲಿ ಐದನೇ ಒಂದು ಪಾಲು ಮಾತ್ರ ಪ್ರೋಟೀನ್. ಅಂದರೆ ದಿನಕ್ಕೊಂದು ಕೆಜಿ ಮಾಂಸಖಂಡ ಕರಗಬೇಕು. ಎರಡು ವಾರದಲ್ಲಿ ಮನುಷ್ಯ ಏಳಲಾರ.

ಆದರೆ ನಮ್ಮದೇ ಊರಲ್ಲಿ, ನಗರ ರಸ್ತೆಯ ಆಗಾ ಖಾನ್ ಅರಮನೆಯಲ್ಲಿ, ಸೆರೆಯಲ್ಲಿದ್ದ ಗಾಂಧೀಜಿ 1943ರ ಫೆಬ್ರವರಿ 10ರಿಂದ ಮಾರ್ಚ್ 3ರವರೆಗೆ 21 ದಿನ ಉಪವಾಸ ಮಾಡಿದರಲ್ಲ. ವಯಸ್ಸು 73. ತೆಗೆದುಕೊಂಡದ್ದು ನೀರು, ಅದಕ್ಕೆ ಬೆರೆಸಿದ ಒಂದಿಷ್ಟು ಹುಳಿಹಣ್ಣಿನ ರಸ. ನಡುವೆ ಸ್ಥಿತಿ ಗಂಭೀರವಾಗಿತ್ತು. ಆದರೂ ಎದ್ದು ಬಂದರು. ಮೈಯಲ್ಲಿ ಕೊಬ್ಬೇ ಕಡಿಮೆ ಇದ್ದ ಮನುಷ್ಯ. ಮೆದುಳು ದಿನಾ ಅಷ್ಟೇ ಗ್ಲೂಕೋಸ್ ಕೇಳಿದ್ದರೆ ಇದು ಸಾಧ್ಯವೇ ಇರಲಿಲ್ಲ.

ಉತ್ತರ ಸಿಕ್ಕಿದ್ದು 1967ರಲ್ಲಿ, ಬಾಸ್ಟನ್‌ನಲ್ಲಿ. ಜಾರ್ಜ್ ಕೇಹಿಲ್ ಮತ್ತು ಆಲಿವರ್ ಓವೆನ್ ಅವರ ತಂಡ ತೂಕ ಇಳಿಸಲು ಐದಾರು ವಾರ ಉಪವಾಸ ಇದ್ದವರ ಮೆದುಳಿಗೆ ಹೋಗುವ ಮತ್ತು ಅಲ್ಲಿಂದ ಬರುವ ರಕ್ತವನ್ನು ಅಳೆಯಿತು. ಅವರ ಮೆದುಳು ಮೂರರಲ್ಲಿ ಎರಡು ಪಾಲು ಕೀಟೋನ್‌ಗಳ ಮೇಲೆ ನಡೆಯುತ್ತಿತ್ತು! ಕೀಟೋನ್ ಅಂದರೆ ಲಿವರ್ ಕೊಬ್ಬಿನಿಂದಲೇ ಮಾಡುವ ಚಿಕ್ಕ ಅಣುಗಳು. ಗ್ಲೂಕೋಸಿನ ಬೇಡಿಕೆ ಇಳಿದಂತೆ ಮಾಂಸಖಂಡದ ಮೇಲಿನ ಹೊರೆಯೂ ಇಳಿಯುತ್ತದೆ. ಮೊದಲ ದಿನಗಳಲ್ಲಿ ದಿನಕ್ಕೆ 75 ಗ್ರಾಂ ಆಸುಪಾಸು ಪ್ರೋಟೀನ್ ಕರಗುತ್ತಿದ್ದರೆ ಕೆಲವು ವಾರಗಳಲ್ಲಿ ಅದು 20ಕ್ಕೆ ಬರುತ್ತದೆ. ದ್ವಾದಶಿ ಬೆಳಗ್ಗೆ ಉಪವಾಸ ಮಾಡಿದವರ ಬಾಯಿಂದ ಒಂದು ತರಹದ ಹಣ್ಣು ಕೊಳೆತ ವಾಸನೆ ಬರುತ್ತದೆ, ಗಮನಿಸಿದ್ದೀರಾ? ಅದು ಕೀಟೋನ್ ಶುರುವಾದ ಗುರುತು.

ಹೊಸ ಗ್ಲೂಕೋಸಿನ ಈ ಕಾರ್ಖಾನೆ ನಿಂತರೆ ಏನಾಗುತ್ತದೆ ಅನ್ನುವುದಕ್ಕೆ ಬಿಹಾರದ ಮುಜಾಫರ್‌ಪುರವೇ ಸಾಕ್ಷಿ. ಅಲ್ಲಿ ಪ್ರತಿ ವರ್ಷ ಲಿಚಿ ಹಣ್ಣಿನ ಕಾಲದಲ್ಲಿ ಮಕ್ಕಳು ಬೆಳಗಿನ ಜಾವ ಫಿಟ್ಸ್ ಬಂದು ಸಾಯುತ್ತಿದ್ದರು. 2014ರ ಬೇಸಿಗೆಯಲ್ಲಿ ಎರಡು ಆಸ್ಪತ್ರೆಗಳಿಗೆ 390 ಮಕ್ಕಳು ಸೇರಿದರು, 122 ಮಕ್ಕಳು ತೀರಿಕೊಂಡರು. 2017ರಲ್ಲಿ ಅದರ ಅಧ್ಯಯನ ಪ್ರಕಟವಾಯಿತು. ಲಿಚಿಯಲ್ಲಿರುವ ಎರಡು ವಸ್ತುಗಳು ಕೊಬ್ಬು ಉರಿಯುವುದನ್ನು ತಡೆಯುತ್ತವೆ. ಕೊಬ್ಬು ಉರಿಯದಿದ್ದರೆ ಹೊಸ ಗ್ಲೂಕೋಸ್ ಕಟ್ಟಲು ಶಕ್ತಿ ಇಲ್ಲ, ಕೀಟೋನೂ ಇಲ್ಲ. ಹೊಟ್ಟೆ ತುಂಬಿದ ಮಗುವಿಗೆ ಇದರಿಂದ ಅಷ್ಟೇನೂ ತೊಂದರೆ ಇಲ್ಲ. ಹಗಲೆಲ್ಲ ತೋಟದಲ್ಲಿ ಲಿಚಿ ತಿಂದು ರಾತ್ರಿ ಊಟವಿಲ್ಲದೆ ಮಲಗಿದ ಬಡ ಮಗುವಿಗೆ? ಅದರ ಪುಟ್ಟ ಲಿವರ್‌ನ ದಾಸ್ತಾನು ಬೆಳಗಿನೊಳಗೆ ಮುಗಿದಿರುತ್ತದೆ. ಸಂಜೆಯ ಒಂದು ಊಟ ಕೊಡಿ ಅನ್ನುವುದೇ ಅಲ್ಲಿ ಕೊಟ್ಟ ಮುಖ್ಯ ಸಲಹೆ.

ದೊಡ್ಡವರ ಲಿಚಿ ಅಂದರೆ ಸಾರಾಯಿ. ಮದ್ಯವನ್ನು ಕರಗಿಸುವಾಗ ಲಿವರ್‌ನ ಒಳಗಿನ ರಸಾಯನದ ಸಮತೋಲ ತಪ್ಪಿ, ಗ್ಲೂಕೋಸ್ ಕಟ್ಟಲು ಬೇಕಾದ ಪೈರುವೇಟ್ ಅನ್ನುವ ಅಣು ಲ್ಯಾಕ್ಟೇಟ್ ಕಡೆಗೆ ವಾಲುತ್ತದೆ. ಹೊಸ ಗ್ಲೂಕೋಸ್ ಕಟ್ಟುವುದು ಅಲ್ಲೇ ನಿಲ್ಲುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಕುಡಿದು ಮಲಗಿದರೆ ಬೆಳಗಿನ ಜಾವ ಶುಗರ್ ಪಾತಾಳಕ್ಕೆ ಇಳಿಯಬಹುದು. ನೋಡುವವರು ಕುಡಿದ ಮತ್ತು ಅಂದುಕೊಂಡು ಬಿಟ್ಟುಬಿಡುತ್ತಾರೆ.

ಇಷ್ಟಾದ ಮೇಲೆ, ಮೊದಲು ಹೇಳಿದ ಆ ಬೆಳಗಿನ ಶುಗರ್ 165ಕ್ಕೆ ಬರೋಣ. ಇನ್ಸುಲಿನ್ನಿನ ಒಂದು ಕೆಲಸ ಲಿವರ್‌ಗೆ "ಸಾಕು, ನಿಲ್ಲಿಸು" ಅನ್ನುವುದು. ಟೈಪ್ 2 ಡಯಾಬಿಟಿಸ್‌ನಲ್ಲಿ ಲಿವರ್ ಆ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಹೊಸ ಗ್ಲೂಕೋಸ್ ಬೇಡದಿದ್ದರೂ ಕಟ್ಟುತ್ತಲೇ ಹೋಗುತ್ತದೆ. ಅದರ ಮೇಲೆ ಬೆಳಗಿನ ಜಾವ ಎಲ್ಲರ ಮೈಯಲ್ಲೂ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನ್ ಏರುತ್ತವೆ, ಇನ್ನಷ್ಟು ಮಾಡು ಅನ್ನುತ್ತವೆ. ಲ್ಯಾಬಿನವರು ಹತ್ತು ಗಂಟೆ ಏನೂ ತಿನ್ನದೆ ಬನ್ನಿ ಅನ್ನುವುದು ಇದಕ್ಕೇ. ಫಾಸ್ಟಿಂಗ್ ಶುಗರ್‌ನಲ್ಲಿ ರಾತ್ರಿಯ ಊಟಕ್ಕಿಂತ ಲಿವರ್‌ನ ರಾತ್ರಿ ಪಾಳಿಯ ಲೆಕ್ಕವೇ ಜಾಸ್ತಿ. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ಮುಖ್ಯವಾಗಿ ಕಡಿವಾಣ ಹಾಕುವುದು ಈ ಪಾಳಿಗೇ. ಯುರೋಪಿನ ಗಲೇಗಾ ಅನ್ನುವ ಗಿಡದ ಜಾಡು ಹಿಡಿದು ಬಂದ ಔಷಧ ಅದು. 1957ರಲ್ಲಿ ಫ್ರಾನ್ಸಿನ ಜಾನ್ ಸ್ಟೆರ್ನ್ ಅದನ್ನು ಡಯಾಬಿಟಿಸ್‌ಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವ ಜಗಳ ವಿಜ್ಞಾನಿಗಳಲ್ಲಿ ಇವತ್ತಿಗೂ ಮುಗಿದಿಲ್ಲ. ಮಾತ್ರೆ ಮಾತ್ರ ಸುಮ್ನೆ ತನ್ನ ಕೆಲಸ ಮಾಡುತ್ತಿದೆ.

ಆಮೇಲೆ ಪ್ರಶ್ನೆಗಳು ಬಂದವು.

"ನನಗೆ ಶುಗರ್ ಇದೆ, ಏಕಾದಶಿ ಬಿಟ್ಟವಳಲ್ಲ. ಮಾಡಬಹುದಾ?" ಅಂತ ಒಬ್ಬ ಅಮ್ಮ ಕೇಳಿದರು. ಅಮ್ಮಾ, ಯಾವ ಮಾತ್ರೆ ಅನ್ನುವುದರ ಮೇಲೆ ಹೋಗುತ್ತದೆ ಅಂದೆ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಜಾತಿಯ ಮಾತ್ರೆ ಇದ್ದರೆ ಅವು ಲಿವರ್‌ನ ಕೈ ಕಟ್ಟಿಹಾಕುತ್ತವೆ. ಅದೇ ಡೋಸ್ ತೆಗೆದುಕೊಂಡು ಉಪವಾಸ ಕೂತರೆ ಅಪಾಯ. ಹೆಸರಿನ ಕೊನೆಗೆ 'ಗ್ಲಿಫ್ಲೋಜಿನ್' ಅಂತ ಬರುವ ಮಾತ್ರೆ ಇದ್ದು ನೀರೂ ಬಿಟ್ಟರೆ ಶುಗರ್ ಹೆಚ್ಚೇನೂ ಏರದೆ ಕೀಟೋನ್ ವಿಪರೀತ ಏರಬಹುದು. ದಶಮಿಗೆ ಮುಂಚೆಯೇ ಡಾಕ್ಟರನ್ನು ಕೇಳಿ. ಏಕಾದಶಿ ಬೆಳಗ್ಗೆ ಫೋನ್ ಮಾಡಿದರೆ ಅವರೂ ಏನು ಮಾಡಿಯಾರು?

ಹಿಂಜವಡಿಯ ಐಟಿ ಹುಡುಗನೊಬ್ಬ ಕೀಟೊ ಡಯಟ್‌ನಲ್ಲಿದ್ದ. ಅನ್ನ, ಚಪಾತಿ ಎಲ್ಲ ಬಿಟ್ಟಿದ್ದೇನೆ, ಮೆದುಳಿಗೆ ಗ್ಲೂಕೋಸ್ ಕಡಿಮೆ ಆಗಿ ಕೋಡಿಂಗ್ ಕೆಡುತ್ತದಾ ಅಂತ ಅವನ ಚಿಂತೆ. ಗ್ಲೂಕೋಸನ್ನು ನಿನ್ನ ಲಿವರ್ ಪನೀರು, ಮೊಟ್ಟೆಯ ಪ್ರೋಟೀನಿನಿಂದಲೇ ಮಾಡಿಕೊಳ್ಳುತ್ತದಪ್ಪಾ ಅಂದೆ. ಕೋಡಿಂಗ್ ಕೆಟ್ಟರೆ ಕಾರಣ ಬೇರೆ ಹುಡುಕಬೇಕು.

ಕೊನೆಯದು ಬೆಳಗಾವಿ ಕಡೆಯ ಕಾಕಾ ಒಬ್ಬರದ್ದು. ಊರಲ್ಲಿ ಅವರ ಮನೆಯಲ್ಲಿ ಆಕಳುಗಳಿವೆಯಂತೆ. "ಆಕಳು ಬರೀ ಹುಲ್ಲು ತಿನ್ನುತ್ತದೆ. ಹಾಲು ಮಾತ್ರ ಸಿಹಿ. ಅದು ಹೇಗೆ?" ಬಹಳ ಒಳ್ಳೆಯ ಪ್ರಶ್ನೆ. ಹುಲ್ಲನ್ನು ಆಕಳ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಹುಳಿ ಬರಿಸಿ ಚಿಕ್ಕ ಚಿಕ್ಕ ಆಮ್ಲ ಮಾಡಿಬಿಡುತ್ತವೆ. ಕರುಳಿನಿಂದ ಅದಕ್ಕೆ ಗ್ಲೂಕೋಸ್ ಸಿಗುವುದೇ ಕಡಿಮೆ. ಆ ಆಮ್ಲಗಳಲ್ಲಿ ಒಂದು ಪ್ರೊಪಿಯೊನೇಟ್. ಅದಕ್ಕೆ ಮೂರು ಇಂಗಾಲ, ಹಾಗಾಗಿ ಅದರಿಂದ ಗ್ಲೂಕೋಸ್ ಕಟ್ಟಬಹುದು. ಹೊಟ್ಟೆ ತುಂಬಿದ್ದರೂ ಆಕಳ ಲಿವರ್ ಹಗಲು ರಾತ್ರಿ ಇದೇ ಕೆಲಸ ಮಾಡುತ್ತಿರುತ್ತದೆ. ದಿನಕ್ಕೆ 15 ಲೀಟರ್ ಕೊಡುವ ಆಕಳ ಹಾಲಿನಲ್ಲಿ ಲ್ಯಾಕ್ಟೋಸ್ ಅನ್ನುವ ಸಕ್ಕರೆಯೇ 700 ಗ್ರಾಂ ಇರುತ್ತದೆ. ಅಷ್ಟೂ ಲಿವರ್ ಕಟ್ಟಿದ ಗ್ಲೂಕೋಸಿನಿಂದಲೇ ಆಗಬೇಕು. ಕರು ಹಾಕಿದ ಹೊಸದರಲ್ಲಿ ಹಾಲು ಒಮ್ಮೆಲೇ ಏರಿ ಲಿವರ್‌ಗೆ ಪೂರೈಸಲು ಆಗದಿದ್ದರೆ ಆಕಳು ಮೇವು ಬಿಡುತ್ತದೆ, ಸೊರಗುತ್ತದೆ, ಉಸಿರಿಗೆ ಕೀಟೋನ್ ವಾಸನೆ ಬರುತ್ತದೆ. "ಹೌದ್ರೀ, ನಮ್ಮಲ್ಲಿ ಒಂದಕ್ಕೆ ಹಂಗ ಆಗಿತ್ತು. ಡಾಕ್ಟರ್ ಏನೋ ಸಿಹಿ ಎಣ್ಣೆಯಂಥದ್ದು ಕುಡಿಸಿದ್ರು" ಅಂದರು ಕಾಕಾ. ಅದು ಬಹುಶಃ ಪ್ರೊಪಿಲೀನ್ ಗ್ಲೈಕಾಲ್ ಇರಬೇಕು. ಅದಕ್ಕೂ ಮೂರೇ ಇಂಗಾಲ, ಲಿವರ್ ಅದನ್ನೂ ಗ್ಲೂಕೋಸ್ ಮಾಡುತ್ತದೆ.